ಭತ್ತದ ಗದ್ದೆಯೊಳಗಿನ ಸಂಸಾರ

ಭತ್ತವು ನಮ್ಮ ರಾಜ್ಯದ ಪ್ರಮುಖ ಆಹಾರ ಬೆಳೆಗಳಲ್ಲೊಂದು. ತುಂಗಭದ್ರಾ, ಭದ್ರಾ ಮತ್ತು ಕಾವೇರಿ ಅಚ್ಚುಕಟ್ಟುಗಳಲ್ಲಿ ಕಾಲುವೆಯ ನೀರಿನಿಂದಲೂ, ಬಯಲುಸೀಮೆಯಲ್ಲಿ ಕೆರೆಯ ಕೆಳಗೂ, ಮಲೆನಾಡು ಮತ್ತು ಕರಾವಳಿಗಳಲ್ಲಿ ಮಳೆಯ ಆಶ್ರಯದಲ್ಲಿಯೂ ಇದನ್ನು ಬೆಳೆಯಲಾಗುತ್ತಿದೆ. ಈ ಗದ್ದೆಗಳಲ್ಲಿ ಭತ್ತದ ಜೊತೆಗೆ ಇನ್ನೇನು ಬದುಕಿದೆ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ "ಕಳೆ ಮತ್ತು ಹುಳು" ಎಂಬುದು. ಉತ್ತರ ತಪ್ಪಲ್ಲ, ಆದರೆ ಬಹಳ ಮೊಟಕು.

ನಾಟಿಯಾಗಿ ಮೂರು ವಾರ ಕಳೆದ ಗದ್ದೆಯಿಂದ ಒಂದು ಬಿಳಿಯ ತಟ್ಟೆಯಲ್ಲಿ ಸ್ವಲ್ಪ ನೀರನ್ನು ತಳದ ಕೆಸರಿನೊಡನೆ ಎತ್ತಿ, ಐದು ನಿಮಿಷ ಅಲುಗಿಸದೆ ಇಟ್ಟು ನೋಡಿರಿ. ಹಸಿರು ಎಳೆಗಳಂತಹ ಪಾಚಿ, ಕೆಂಪು ದಾರದ ತುಂಡಿನಂತೆ ನುಲಿಯುವ ಗುಂಗುರು ಹುಳುಗಳ ಮರಿ, ಚುಕ್ಕೆಯಷ್ಟೇ ಗಾತ್ರದ ಈಜುವ ಜೀವಿಗಳು, ಗೊದಮೊಟ್ಟೆ, ಬಸವನ ಹುಳು, ನೀರಿನ ಮೇಲೆ ಸರಸರನೆ ಓಡುವ ಸಣ್ಣ ತಿಗಣೆ ಮುಂತಾದವು ಕಾಣಸಿಗುತ್ತವೆ. ಇವುಗಳಲ್ಲಿ ಬಹುತೇಕ ಯಾವುದೂ ಭತ್ತವನ್ನು ತಿನ್ನುವಂಥದ್ದಲ್ಲ.

ಹಾಗಾದರೆ ಇವುಗಳಿಗೂ ನಮ್ಮ ಇಳುವರಿಗೂ ಏನು ಸಂಬಂಧ? ಸಂಬಂಧ ನೇರವಾಗಿಯೇ ಇದೆ. ನಾಟಿಯಾದ ತಿಂಗಳೊಳಗೆ, ಎಲೆಯ ಮೇಲೆ ನಾಲ್ಕು ಬಿಳಿ ಗೆರೆ ಕಂಡವೆಂದು ಹೊಡೆಯುವ ಒಂದು ಸಿಂಪರಣೆಯಿಂದ ಈ ಜೀವಿಗಳೂ ಇವುಗಳನ್ನು ನಂಬಿ ಬದುಕುವ ಜೇಡಗಳೂ ನಾಶವಾಗುತ್ತವೆ. ಅದರ ಫಲ ಅಂದೇ ಕಾಣುವುದಿಲ್ಲ. ಎರಡು ತಿಂಗಳ ಬಳಿಕ, ತೆನೆ ಹಾಲುದುಂಬುವ ಹೊತ್ತಿಗೆ, ಗದ್ದೆಯ ನಡುವೆ ಬೆಂಕಿ ತಾಗಿದಂತಹ ದುಂಡನೆಯ ಜಾಗಗಳು ಕಾಣಿಸಿಕೊಂಡಾಗ ಗೊತ್ತಾಗುತ್ತದೆ. ಇದು ಹೇಗೆ ನಡೆಯುತ್ತದೆಂಬುದನ್ನು ತಿಳಿಯಲು ಪರಿಸರ ವಿಜ್ಞಾನದ ಎರಡು ಮೂರು ಮೂಲ ತತ್ವಗಳನ್ನು ಅರಿಯುವುದು ಅವಶ್ಯ.

ಪರಿಸರ ವ್ಯವಸ್ಥೆ ಎಂದರೇನು?

ಪರಿಸರ ಎಂಬ ಮಾತು ಈಗ ಶಾಲೆಯ ಮಕ್ಕಳ ಬಾಯಲ್ಲೂ ಇದೆ. ಜೂನ್ 5ರಂದು ಒಂದು ಸಸಿ ನೆಟ್ಟು ಛಾಯಾಚಿತ್ರ ತೆಗೆಸಿಕೊಂಡರೆ ಪರಿಸರದ ಕೆಲಸ ಮುಗಿಯಿತೆಂಬ ಭಾವನೆಯೂ ಬೆಳೆದಿದೆ. ವಿಜ್ಞಾನದಲ್ಲಿ ಈ ಮಾತಿನ ಅರ್ಥ ಇನ್ನೂ ವಿಶಾಲವಾದುದು. ಜೀವಿಗಳಿಗೂ ಅವುಗಳ ಸುತ್ತಲಿನ ಜಗತ್ತಿಗೂ ಇರುವ ಸಂಬಂಧವನ್ನು ಅಭ್ಯಸಿಸುವ ಶಾಸ್ತ್ರಕ್ಕೆ ಜರ್ಮನಿಯ ಅರ್ನ್ಸ್ಟ್ ಹೆಕೆಲ್ 1866ರಲ್ಲಿ ಹೆಸರು ಕೊಟ್ಟನು. ಒಂದು ಸ್ಥಳದ ಜೀವಿಗಳನ್ನೂ ಅಲ್ಲಿಯ ಮಣ್ಣು, ನೀರು, ಗಾಳಿ, ಬಿಸಿಲುಗಳನ್ನೂ ಬೇರೆ ಬೇರೆಯಾಗಿ ನೋಡದೆ ಒಂದೇ ಘಟಕವಾಗಿ ನೋಡಬೇಕೆಂದು 1935ರಲ್ಲಿ ಹೇಳಿದವನು ಇಂಗ್ಲೆಂಡಿನ ಸಸ್ಯವಿಜ್ಞಾನಿ ಟ್ಯಾನ್‌ಸ್ಲಿ. ಆ ಘಟಕವೇ ಪರಿಸರ ವ್ಯವಸ್ಥೆ. ಕಾಡು ಒಂದು ಪರಿಸರ ವ್ಯವಸ್ಥೆ, ಕೆರೆ ಇನ್ನೊಂದು. ನಿಮ್ಮ ಹತ್ತು ಗುಂಟೆಯ ಗದ್ದೆಯೂ ಒಂದು.

ಗದ್ದೆಯಲ್ಲಿ ಬಿಸಿಲನ್ನು ಹಿಡಿದು ಆಹಾರ ತಯಾರಿಸುವ ಕೆಲಸ ಹಸಿರು ಸಸ್ಯಗಳದು. ಇವು ಉತ್ಪಾದಕಗಳು. ಭತ್ತ ಮಾತ್ರವಲ್ಲ, ಪಾಚಿ, ಅಜೋಲ, ಕಳೆ, ಬದುವಿನ ಹುಲ್ಲು ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಇವುಗಳನ್ನು ತಿನ್ನುವ ಜಿಗಿಹುಳು, ಕಾಂಡ ಕೊರೆಯುವ ಹುಳು, ಎಲೆ ಸುತ್ತುವ ಹುಳು, ಮಿಡತೆ ಮುಂತಾದವು ಮೊದಲ ಪಂಕ್ತಿಯ ಭಕ್ಷಕಗಳು. ಇವನ್ನು ತಿನ್ನುವ ಜೇಡ, ಗುಲಗಂಜಿ ಹುಳು, ಏರೋಪ್ಲೇನ್ ಚಿಟ್ಟೆಗಳು ಎರಡನೆಯ ಪಂಕ್ತಿ. ಕಪ್ಪೆ, ಬೆಳ್ಳಕ್ಕಿಗಳದು ಅದರ ಮೇಲಿನ ಪಂಕ್ತಿ. ಸತ್ತದ್ದನ್ನು ಕೊಳೆಸಿ ಮಣ್ಣಿಗೆ ಸೇರಿಸುವ ಬ್ಯಾಕ್ಟೀರಿಯ, ಶಿಲೀಂಧ್ರಗಳು ಎಲ್ಲರ ಎಂಜಲೆಲೆ ಎತ್ತುವವರು. ಅವುಗಳಿಲ್ಲದಿದ್ದರೆ ನೀವು ಹಾಕಿದ ಕೊಟ್ಟಿಗೆ ಗೊಬ್ಬರ ವರ್ಷ ಕಳೆದರೂ ಗೊಬ್ಬರವಾಗಿಯೇ ಬಿದ್ದಿರುತ್ತಿತ್ತು.

ಒಂದು ಪಂಕ್ತಿಯಿಂದ ಮೇಲಿನ ಪಂಕ್ತಿಗೆ ಆಹಾರದ ಶಕ್ತಿ ಪೂರ್ತಿಯಾಗಿ ದಾಟುವುದಿಲ್ಲ. ಅಮೆರಿಕದ ಲಿಂಡ್‌ಮನ್ ಎಂಬ ವಿಜ್ಞಾನಿ 1942ರಲ್ಲಿ ಒಂದು ಸರೋವರದ ಅಭ್ಯಾಸದಿಂದ ಈ ವಿಚಾರವನ್ನು ಮುಂದಿಟ್ಟನು. ಸ್ಥೂಲವಾಗಿ ಹತ್ತರಲ್ಲಿ ಒಂದು ಪಾಲು ಮಾತ್ರ ಮೇಲಕ್ಕೆ ಹೋಗುತ್ತದೆ, ಉಳಿದದ್ದು ಉಸಿರಾಟ ಮತ್ತು ಓಡಾಟಗಳಲ್ಲಿ ಖರ್ಚಾಗುತ್ತದೆ ಎಂದು ಈಗ ಲೆಕ್ಕ ಹಿಡಿಯುತ್ತಾರೆ. ಸಾವಿರ ಕಿಲೋ ಹಸಿರಿನಿಂದ ನೂರು ಕಿಲೋ ಹುಳು, ನೂರು ಕಿಲೋ ಹುಳುವಿನಿಂದ ಹತ್ತು ಕಿಲೋ ಜೇಡ ಎಂದು ತಿಳಿದರೆ ಸಾಕು. ಆದ್ದರಿಂದಲೇ ಗದ್ದೆಯಲ್ಲಿ ಹುಳು ತಿನ್ನುವ ಜೀವಿಗಳು ಯಾವಾಗಲೂ ಹುಳುಗಳಿಗಿಂತ ಕಡಿಮೆ. ಅವುಗಳಲ್ಲಿ ಅನೇಕವು ಸಂತಾನ ಬೆಳೆಸುವುದೂ ನಿಧಾನ. ಒಂದೇ ವಿಷ ಇಬ್ಬರಿಗೂ ತಗಲಿದರೆ ಬೇಗ ಚೇತರಿಸಿಕೊಳ್ಳುವುದು ಸಸ್ಯ ತಿನ್ನುವ ಹುಳು. ಕೀಟನಾಶಕ ಬಳಸುವ ಪ್ರತಿಯೊಬ್ಬ ರೈತನೂ ಈ ಒಂದು ಅಂಶವನ್ನು ಚೆನ್ನಾಗಿ ಮನದಟ್ಟು ಮಾಡಿಕೊಳ್ಳತಕ್ಕದ್ದು.

ಗೊಬ್ಬರದಿಂದ ಜೇಡಕ್ಕೆ

ಮೇಲೆ ಹೇಳಿದ ಆಹಾರ ಸರಪಳಿ ಹಸಿರು ಎಲೆಯಿಂದ ಆರಂಭವಾಗುವಂಥದ್ದು. ಗದ್ದೆಯಲ್ಲಿ ಇನ್ನೊಂದು ಸರಪಳಿ ಇದೆ. ಅದು ಆರಂಭವಾಗುವುದು ಕೊಳೆಯುವ ವಸ್ತುವಿನಿಂದ. ಇಂಡೊನೇಷ್ಯದ ಜಾವಾ ದ್ವೀಪದ ಗದ್ದೆಗಳಲ್ಲಿ ನಡೆದು 1996ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದರ ಮಹತ್ವವನ್ನು ಸ್ಪಷ್ಟಪಡಿಸಿತು.

ನಾಟಿಗೆ ಮುಂಚೆ ಉಳುಮೆಯಲ್ಲಿ ಮಣ್ಣಿಗೆ ಸೇರಿದ ಕೂಳೆ, ಹಸಿರೆಲೆ, ಕೊಟ್ಟಿಗೆ ಗೊಬ್ಬರಗಳು ನಿಂತ ನೀರಿನಲ್ಲಿ ಕೊಳೆಯತೊಡಗುತ್ತವೆ. ಬ್ಯಾಕ್ಟೀರಿಯ ಮತ್ತು ಪಾಚಿಗಳು ಹೆಚ್ಚುತ್ತವೆ. ಅವನ್ನು ತಿಂದು ಗುಂಗುರುಗಳ ಮರಿ ಹಾಗೂ ಕಣ್ಣಿಗೆ ಕಾಣದಷ್ಟು ಸಣ್ಣ ಜಲಜೀವಿಗಳು ಬೆಳೆಯುತ್ತವೆ. ಕೆಲವೇ ವಾರಗಳಲ್ಲಿ ಗುಂಗುರುಗಳು ರೆಕ್ಕೆ ಬಂದು ನೀರಿನಿಂದ ಮೇಲೇಳುತ್ತವೆ. ಸಂಜೆಯ ಹೊತ್ತು ಗದ್ದೆಯ ಮೇಲೆ ಮೋಡದಂತೆ ಹಾರಾಡುವ ಈ ಹುಳುಗಳನ್ನು ಎಲ್ಲರೂ ನೋಡಿದ್ದೇವೆ. ಇವು ಬೆಳೆಗೆ ಹಾನಿ ಮಾಡುವುದಿಲ್ಲ, ಉಪಕಾರವನ್ನೂ ಮಾಡುವಂತೆ ಕಾಣುವುದಿಲ್ಲ. ಆದರೆ ಇವೇ ಜೇಡಗಳ ಮೊದಲ ಊಟ. ಭತ್ತಕ್ಕೆ ಕಾಟ ಕೊಡುವ ಹುಳುಗಳು ಗದ್ದೆಯಲ್ಲಿ ಇನ್ನೂ ನೆಲೆಯೂರುವ ಮೊದಲೇ ಜೇಡ ಮತ್ತು ನೀರಿನ ತಿಗಣೆಗಳು ಈ ಆಹಾರದ ಬಲದಿಂದ ಸಂಖ್ಯೆಯಲ್ಲಿ ಹೆಚ್ಚಿರುತ್ತವೆ. ಗದ್ದೆಗೆ ಸೇರಿಸುವ ಸಾವಯವ ಪದಾರ್ಥವನ್ನು ಹೆಚ್ಚಿಸಿದಾಗ ಇಂತಹ ಪರಭಕ್ಷಕ ಜೀವಿಗಳೂ ಹೆಚ್ಚಿದುದು ಜಾವಾದ ಪ್ರಯೋಗದಲ್ಲಿ ಕಂಡುಬಂದಿತು.

ನಾವು ಬೇಸಾಯಶಾಸ್ತ್ರದವರು ಕೊಟ್ಟಿಗೆ ಗೊಬ್ಬರ ಹಾಕಿರಿ ಎಂದು ಹೇಳುವಾಗ ಸಾರಜನಕ, ಮಣ್ಣಿನ ರಚನೆ, ನೀರು ಹಿಡಿದಿಡುವ ಗುಣ ಇವನ್ನೇ ಹೇಳುತ್ತಾ ಬಂದಿದ್ದೇವೆ. ಕೀಟ ವಿಭಾಗದವರು ಜೇಡವನ್ನು ಉಳಿಸಿರಿ ಎನ್ನುತ್ತಾರೆ. ಎರಡು ಇಲಾಖೆಗಳ ಎರಡು ಮಾತು ಗದ್ದೆಯಲ್ಲಿ ಒಂದೇ ಮಾತು. ಎಕರೆಗೆ 4 ಟನ್ ಕೊಟ್ಟಿಗೆ ಗೊಬ್ಬರವೋ, ಆರೇಳು ವಾರ ಬೆಳೆಸಿ ಉತ್ತ ಡಯಂಚವೋ, ಅದು ಭತ್ತಕ್ಕೆ ಉಣಿಸುವುದರ ಜೊತೆಗೆ ಜೇಡಕ್ಕೂ ಉಣಿಸುತ್ತದೆ.

ಕಂದು ಜಿಗಿಹುಳುವಿನ ಕತೆ

ಈ ಸಂಸಾರ ಕೆಟ್ಟರೆ ಏನಾಗುತ್ತದೆಂಬುದಕ್ಕೆ ಕಂದು ಜಿಗಿಹುಳುವಿಗಿಂತ ಒಳ್ಳೆಯ ಉದಾಹರಣೆ ಬೇರೆ ಬೇಡ. ಅಕ್ಕಿಕಾಳಿನಷ್ಟೂ ಉದ್ದವಿಲ್ಲದ ಈ ಹುಳು ಭತ್ತದ ಬುಡದಲ್ಲಿ, ನೀರಿನ ಮಟ್ಟದ ಸ್ವಲ್ಪ ಮೇಲೆ, ಗುಂಪಾಗಿ ಕುಳಿತು ರಸ ಹೀರುತ್ತದೆ. ಹಳೆಯ ಕಾಲದಿಂದಲೂ ಅದು ಏಷ್ಯದ ಗದ್ದೆಗಳಲ್ಲಿ ಇದ್ದದ್ದೇ. ಆದರೆ 1966ರಲ್ಲಿ ಐ.ಆರ್. 8 ತಳಿ ಬಂದ ಮೇಲೆ ಒತ್ತಾದ ಪೈರು, ಹೆಚ್ಚಿನ ಸಾರಜನಕ, ವರ್ಷಕ್ಕೆ ಎರಡು ಬೆಳೆ ಮತ್ತು ಲೆಕ್ಕವಿಲ್ಲದ ಕೀಟನಾಶಕ ಒಟ್ಟಿಗೆ ಬಂದವು. ನಮ್ಮ ದೇಶದಲ್ಲಿ ಮೊದಲ ದೊಡ್ಡ ಹಾವಳಿ ನಡೆದದ್ದು 1973-74ರಲ್ಲಿ, ಕೇರಳದಲ್ಲಿ. ಈಗ ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು, ಸಿರುಗುಪ್ಪಗಳ ರೈತರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ.

ಒಂದು ಹೆಣ್ಣು ಸುಮಾರು 200 ಮೊಟ್ಟೆ ಇಡುತ್ತದೆಂದು ಇಟ್ಟುಕೊಳ್ಳೋಣ. ಒಂದು ಪೀಳಿಗೆಗೆ ಸುಮಾರು ನಾಲ್ಕು ವಾರ ಹಿಡಿಯುತ್ತದೆ. ಈ 200ರಲ್ಲಿ ಒಂದು ಗಂಡು ಒಂದು ಹೆಣ್ಣು ಮಾತ್ರ ಉಳಿದು ದೊಡ್ಡವಾದರೆ ಸಂಖ್ಯೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅಂದರೆ ನೂರಕ್ಕೆ 99 ಸತ್ತರೂ ಹುಳುವಿನ ವಂಶ ನಿಂತಲ್ಲೇ ನಿಂತಿರುತ್ತದೆ. ಆ 99ನ್ನು ಕೊಲ್ಲುವ ಕೆಲಸವನ್ನು ಕೂಲಿ ಕೇಳದೆ ಮಾಡುತ್ತಿರುವವರು ಯಾರು? ಮಿರಿಡ್ ಎಂಬ ಹಸಿರು ತಿಗಣೆ ದಿನಕ್ಕೆ ಏಳರಿಂದ ಹತ್ತು ಮೊಟ್ಟೆಗಳನ್ನು ಹೀರುತ್ತದೆ. ಬಲೆ ಕಟ್ಟದೆ ಬುಡದಲ್ಲಿ ಓಡಾಡಿ ಬೇಟೆಯಾಡುವ ತೋಳ ಜೇಡ ದಿನಕ್ಕೆ 5ರಿಂದ 15 ಹುಳುಗಳನ್ನು ತಿನ್ನಬಲ್ಲದು. ಕೆಳಗೆ ಬಿದ್ದವನ್ನು ನೀರಿನ ತಿಗಣೆಗಳು ಬಿಡುವುದಿಲ್ಲ. ಮೊಟ್ಟೆಯೊಳಗೇ ತನ್ನ ಮೊಟ್ಟೆಯಿಟ್ಟು ಜಿಗಿಹುಳುವನ್ನು ಹುಟ್ಟುವ ಮೊದಲೇ ಮುಗಿಸುವ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಜಗಳೂ ಇವೆ. ಈಗ ಇವರೆಲ್ಲರ ಕೆಲಸ ಸ್ವಲ್ಪ ಕೆಟ್ಟು 2ರ ಬದಲು 20 ಉಳಿದವೆನ್ನಿ. ಒಂದು ಪೀಳಿಗೆಯಲ್ಲಿ ಹತ್ತರಷ್ಟು, ಎರಡರಲ್ಲಿ ನೂರರಷ್ಟು, ಮೂರರಲ್ಲಿ ಸಾವಿರದಷ್ಟು. ನಾಟಿಯಿಂದ ಕಟಾವಿನವರೆಗೆ ಮೂರು ಪೀಳಿಗೆಗೆ ಧಾರಾಳ ಕಾಲವಿದೆ.

ಸಿಂಪರಣೆಯಿಂದ ನಡೆಯುವುದು ಇದೇ. ಜಿಗಿಹುಳು ತನ್ನ ಮೊಟ್ಟೆಗಳನ್ನು ಎಲೆಯ ಕವಚದ ಒಳಗೆ ಚುಚ್ಚಿ ಇಡುವುದರಿಂದ ಅಲ್ಲಿಗೆ ಔಷಧಿ ಮುಟ್ಟುವುದು ಕಷ್ಟ. ಮೇಲೆ ಓಡಾಡುವ ಜೇಡ, ತಿಗಣೆ, ಕಣಜಗಳು ಮಾತ್ರ ಸಾಯುತ್ತವೆ. ವಾರದೊಳಗೆ ಮೊಟ್ಟೆಯೊಡೆದು ಬಂದ ಮರಿಗಳಿಗೆ ಕಾವಲುಗಾರರಿಲ್ಲದ ಗದ್ದೆ ಸಿಗುತ್ತದೆ. ಕೆಲವು ಕೀಟನಾಶಕಗಳು, ಮುಖ್ಯವಾಗಿ ಪೈರಿಥ್ರಾಯ್ಡ್ ಗುಂಪಿನವು, ಈ ರೀತಿ ಹಾವಳಿಯನ್ನು ಹೆಚ್ಚಿಸುವುದರಲ್ಲಿ ಕುಖ್ಯಾತವಾಗಿವೆ. ಎಲೆ ಸುತ್ತುವ ಹುಳುವಿಗೆಂದು ಅಗ್ಗದ ಬೆಲೆಗೆ ಸಿಗುವ ಇವನ್ನು ಭತ್ತಕ್ಕೆ ಹೊಡೆಯುವುದು ಸಾಲ ತೀರಿಸಲು ಮತ್ತೊಂದು ಸಾಲ ತಂದಂತೆ.

ಇಂಡೊನೇಷ್ಯ ದೇಶ 1984ರಲ್ಲಿ ಅಕ್ಕಿಯಲ್ಲಿ ಸ್ವಾವಲಂಬಿಯಾಯಿತು. ಅಲ್ಲಿನ ಸರ್ಕಾರ ಕೀಟನಾಶಕದ ಬೆಲೆಯ ಬಹುಪಾಲನ್ನು ತಾನೇ ಭರಿಸುತ್ತಿತ್ತು. ಎರಡೇ ವರ್ಷಗಳಲ್ಲಿ ಜಾವಾದ ಗದ್ದೆಗಳು ಜಿಗಿಹುಳುವಿನಿಂದ ಸುಟ್ಟುಹೋಗತೊಡಗಿದವು. ಔಷಧಿ ಹೆಚ್ಚು ಬಿದ್ದ ಕಡೆಯೇ ಹಾವಳಿಯೂ ಹೆಚ್ಚೆಂದು ವಿಜ್ಞಾನಿಗಳು ತೋರಿಸಿಕೊಟ್ಟ ಮೇಲೆ, 1986ರ ನವೆಂಬರಿನಲ್ಲಿ ಅಲ್ಲಿನ ರಾಷ್ಟ್ರಾಧ್ಯಕ್ಷರ ಆದೇಶದಂತೆ 57 ಬಗೆಯ ಕೀಟನಾಶಕಗಳನ್ನು ಭತ್ತದಲ್ಲಿ ನಿಷೇಧಿಸಲಾಯಿತು. 1989ರ ಹೊತ್ತಿಗೆ ಸಹಾಯಧನವೂ ನಿಂತಿತು. ಭತ್ತದ ಉತ್ಪಾದನೆ ಅದರಿಂದ ಕುಸಿಯಲಿಲ್ಲ. ವಿಯೆಟ್ನಾಮಿನ ಮೆಕಾಂಗ್ ನದಿಯ ಬಯಲಿನಲ್ಲಿ 1994ರಿಂದ "ಮೊದಲ 40 ದಿನ ಔಷಧಿ ಬೇಡ" ಎಂಬ ಒಂದೇ ಮಾತನ್ನು ರೈತರಿಗೆ ಮತ್ತೆ ಮತ್ತೆ ಹೇಳಲಾಯಿತು. ಸಿಂಪರಣೆಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು.

ನಿರೋಧಕ ತಳಿ ಇದೆಯಲ್ಲಾ ಎಂದು ಕೆಲವರು ಕೇಳುತ್ತಾರೆ. ಇರಬೇಕು, ಬಳಸಬೇಕು. ಆದರೆ 1973ರಲ್ಲಿ ಬಂದ ಐ.ಆರ್. 26 ಎಂಬ ನಿರೋಧಕ ತಳಿಯನ್ನು ಕೆಲವೇ ವರ್ಷಗಳಲ್ಲಿ ಜಿಗಿಹುಳುವಿನ ಹೊಸ ಪಂಗಡವೊಂದು ತಿನ್ನಲು ಕಲಿತಿತು. ಜೇಡದ ಕಾವಲಿಲ್ಲದ ಗದ್ದೆಯಲ್ಲಿ ತಳಿಯ ಬಲವೂ ಬೇಗ ಸವೆಯುತ್ತದೆ.

ಸಂರಕ್ಷಣೆ ಎಂದರೆ ಗದ್ದೆಯಲ್ಲಿ ಏನು ಮಾಡುವುದು?

ಮೊದಲನೆಯದಾಗಿ, ಏನನ್ನೂ ಮಾಡದಿರುವುದನ್ನು ಕಲಿಯಬೇಕು. ನಾಟಿಯಾದ ಮೊದಲ 30-40 ದಿನಗಳಲ್ಲಿ ಎಲೆ ಸುತ್ತುವ ಹುಳು, ಮಿಡತೆಗಳು ಮಾಡುವ ಗಾಯ ಕಣ್ಣಿಗೆ ದೊಡ್ಡದಾಗಿ ಕಂಡರೂ ಇಳುವರಿಗೆ ಅಷ್ಟಾಗಿ ತಟ್ಟುವುದಿಲ್ಲ. ಆ ವಯಸ್ಸಿನ ಪೈರು ಕಾಲುಭಾಗ ಎಲೆ ಕಳೆದುಕೊಂಡರೂ ಹೊಸ ಎಲೆ, ಹೊಸ ತೆಂಡೆಗಳಿಂದ ಅದನ್ನು ತುಂಬಿಕೊಳ್ಳುತ್ತದೆ. ಅಕ್ಕಪಕ್ಕದವರು ಪಂಪು ಹೆಗಲಿಗೇರಿಸಿ ಅಥವಾ ಡ್ರೋನ್ ತರಿಸಿ ಹೊಡೆಯುತ್ತಿರುವಾಗ ಸುಮ್ಮನಿರುವುದು ಎಷ್ಟು ಕಷ್ಟವೆಂಬುದು ನಮಗೂ ಗೊತ್ತು. ಔಷಧಿಯಂಗಡಿಯ ಸಾಲದ ಪುಸ್ತಕದಲ್ಲಿ ನಿಮ್ಮ ಹೆಸರಿದ್ದರಂತೂ ಇನ್ನೂ ಕಷ್ಟ.

ಸಾರಜನಕದ ವಿಷಯದಲ್ಲಿ ಎಚ್ಚರ ಅಗತ್ಯ. ಶಿಫಾರಸಿಗಿಂತ ಹೆಚ್ಚು ಯೂರಿಯಾ ಉಂಡ ಪೈರಿನ ರಸ ಜಿಗಿಹುಳುವಿಗೆ ಪುಷ್ಟಿಯ ಆಹಾರ. ಅಂಥ ಪೈರಿನಲ್ಲಿ ಅದು ಹೆಚ್ಚು ಮೊಟ್ಟೆಯಿಡುತ್ತದೆ, ಮರಿಗಳೂ ಹೆಚ್ಚು ಉಳಿಯುತ್ತವೆ. ಕಡುಹಸಿರು ಗದ್ದೆಯನ್ನು ನೋಡಿ ಹೆಮ್ಮೆಪಡುವ ಅಭ್ಯಾಸವನ್ನು ನಾವು ಸ್ವಲ್ಪ ಕಡಿಮೆ ಮಾಡಿಕೊಳ್ಳಬೇಕು. ಯೂರಿಯಾವನ್ನು ಕಂತುಗಳಲ್ಲಿ ಕೊಡುವುದು, ಪ್ರತಿ 2-3 ಮೀಟರಿಗೊಂದು 30 ಸೆಂ.ಮೀ. ಓಣಿ ಬಿಟ್ಟು ನಾಟಿ ಮಾಡುವುದು, ಜಿಗಿಹುಳು ಏರತೊಡಗಿದಾಗ ಕೆಲವು ದಿನ ನೀರು ಬಸಿದು ಬುಡಕ್ಕೆ ಗಾಳಿ ಬಿಸಿಲು ತಾಗುವಂತೆ ಮಾಡುವುದು ಎಲ್ಲರಿಗೂ ತಿಳಿದ ಕ್ರಮಗಳೇ.

ಹುಲ್ಲು ಸುಡುವುದರ ಬಗ್ಗೆ ಎರಡು ಮಾತು. ಯಂತ್ರದ ಕೊಯ್ಲು ಬಂದ ಮೇಲೆ ಅಚ್ಚುಕಟ್ಟಿನ ಊರುಗಳಲ್ಲಿ ಹುಲ್ಲನ್ನು ಗದ್ದೆಯಲ್ಲಿಯೇ ಸುಡುವ ರೂಢಿ ಬೆಳೆದಿದೆ. ಒಂದು ಟನ್ ಭತ್ತದ ಹುಲ್ಲಿನಲ್ಲಿ ಸುಮಾರು 5ರಿಂದ 8 ಕಿಲೋ ಸಾರಜನಕವಿರುತ್ತದೆ. ಎಕರೆಗೆ 2 ಟನ್ ಹುಲ್ಲು ಸುಟ್ಟರೆ ಅರ್ಧದಿಂದ ಮುಕ್ಕಾಲು ಮೂಟೆ ಯೂರಿಯಾದಷ್ಟು ಸಾರಜನಕ ಹೊಗೆಯಾಗಿ ಹೋಗುತ್ತದೆ. ಮುಂದಿನ ಬೆಳೆಯ ಗುಂಗುರುಗಳಿಗೂ ಅವನ್ನು ನಂಬಿದ ಜೇಡಗಳಿಗೂ ಊಟವಾಗಬೇಕಾದ ಇಂಗಾಲವೂ ಅದರೊಡನೆ ಹೋಗುತ್ತದೆ. ಹುಲ್ಲನ್ನು ಮಣ್ಣಿಗೆ ಸೇರಿಸುವವರು ನಾಟಿಗೆ ಎರಡು ಮೂರು ವಾರ ಮುಂಚೆಯೇ ಉತ್ತು ನೀರು ಕಟ್ಟಬೇಕು. ಕಾಲುವೆಗೆ ನೀರು ಬಂದ ಮರುದಿನ ಉತ್ತು ಅದರ ಮರುದಿನ ನೆಟ್ಟರೆ, ಕೊಳೆಯುವ ಹುಲ್ಲೇ ಸಾರಜನಕವನ್ನು ಎಳೆದುಕೊಂಡು ಸಸಿ ಹಳದಿಯಾಗುತ್ತದೆ.

ಇಲ್ಲಿ ನಮ್ಮದೇ ಎರಡು ಶಿಫಾರಸುಗಳು ಒಂದಕ್ಕೊಂದು ಎದುರಾಗುತ್ತವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಒಂದು ಊರಿನವರೆಲ್ಲ ಒಟ್ಟಿಗೆ ನಾಟಿ ಮಾಡಿದರೆ ಹುಳುವಿಗೆ ಗದ್ದೆಯಿಂದ ಗದ್ದೆಗೆ ದಾಟಲು ಅವಕಾಶ ಸಿಗುವುದಿಲ್ಲ ಎನ್ನುತ್ತೇವೆ. ಆದರೆ ಜಾವಾದಲ್ಲಿ ಕಂಡದ್ದೇನೆಂದರೆ, ವಿಶಾಲ ಪ್ರದೇಶವೆಲ್ಲ ಬಹುಕಾಲ ಒಣಗಿ ಬಿದ್ದು ಬಳಿಕ ಒಮ್ಮೆಗೇ ನಾಟಿಯಾದಲ್ಲಿ ಜೇಡ ಮುಂತಾದವು ಗದ್ದೆಗೆ ಬಂದು ಸೇರುವುದು ತಡವಾಗುತ್ತದೆ. ಚಿಕ್ಕ ಚಿಕ್ಕ ಗದ್ದೆಗಳು ಬೇರೆ ಬೇರೆ ವಯಸ್ಸಿನಲ್ಲಿ ಅಕ್ಕಪಕ್ಕ ಇರುವಲ್ಲಿ ಅವು ಬೇಗ ಬರುತ್ತವೆ. ಬೇಸಿಗೆಯಲ್ಲಿ ಕಾಲುವೆ ನಿಂತು ಬೋಳಾಗುವ ಅಚ್ಚುಕಟ್ಟಿನ ಸ್ಥಿತಿ ಮೊದಲನೆಯ ಬಗೆಯದು, ಮಲೆನಾಡಿನ ಕಣಿವೆಯ ಗದ್ದೆಗಳದು ಎರಡನೆಯದಕ್ಕೆ ಹತ್ತಿರ. ನನ್ನ ಅಭಿಪ್ರಾಯದಲ್ಲಿ ಒಟ್ಟಿಗೆ ನಾಟಿ ಮಾಡುವುದನ್ನು ಬಿಡಬೇಕಾಗಿಲ್ಲ. ಬೇಸಿಗೆ ಕಳೆಯಲು ಜೇಡ, ತಿಗಣೆ, ಕಣಜಗಳಿಗೆ ಹಸಿರಿನ ಒಂದಿಷ್ಟು ಜಾಗವಿದ್ದರೆ ಸಾಕು. ಹಿಂಗಾರಿನಲ್ಲಿ ಉಳಿದ ತೇವಕ್ಕೆ ಒಂದು ಹೆಸರು ಅಥವಾ ಉದ್ದು, ಕಾಲುವೆಯ ಅಂಚಿನ ಗಿಡಗಂಟಿ, ಬದುವಿನ ಹುಲ್ಲು ಇವೇ ಆ ಜಾಗಗಳು. ಬದುವಿಗೆ ಕಳೆನಾಶಕ ಹೊಡೆದು ಕೆಂಪಗೆ ಮಾಡುವ ಬದಲು ಹುಲ್ಲನ್ನು ಕೊಯ್ದು ದನಕ್ಕೆ ಹಾಕುವುದು ಲೇಸು. ಇಲಿಯ ಕಾಟವಿರುವಲ್ಲಿ ಬದು ಅತಿ ಅಗಲವಾಗಿರಬಾರದು, ಬಿಲಗಳನ್ನು ಆಗಾಗ ಅಗೆದು ಮುಚ್ಚುತ್ತಿರಬೇಕು.

ಬದುವಿನ ಮೇಲೆ ಹೂ ಬಿಡುವ ಬೆಳೆ ಇದ್ದರೆ ಇನ್ನೂ ಉತ್ತಮ. ಮೊಟ್ಟೆ ಕೆಡಿಸುವ ಕಣಜಗಳು ದೊಡ್ಡವಾದ ಮೇಲೆ ಬದುಕುವುದು ಹೂವಿನ ಮಕರಂದದ ಮೇಲೆ. ತಾಯ್ಲೆಂಡ್, ಚೀನಾ ಮತ್ತು ವಿಯೆಟ್ನಾಮ್‌ಗಳಲ್ಲಿ ಗದ್ದೆಯ ಸುತ್ತ ಎಳ್ಳು ಮುಂತಾದ ಹೂವಿನ ಗಿಡಗಳನ್ನು ಬೆಳೆಸಿ ನಡೆಸಿದ ಪ್ರಯೋಗಗಳ ವರದಿ 2016ರಲ್ಲಿ ಪ್ರಕಟವಾಯಿತು. ಅಂಥ ಗದ್ದೆಗಳಲ್ಲಿ ಕೀಟನಾಶಕದ ಬಳಕೆ ನೂರಕ್ಕೆ 70ರಷ್ಟು ಇಳಿದು, ಇಳುವರಿ ನೂರಕ್ಕೆ 5ರಷ್ಟು ಹೆಚ್ಚಿತ್ತು. ಬದುವಿನ ಮೇಲೆ ಎಳ್ಳು, ಅಲಸಂದೆ ಹಾಕುವುದು ನಮಗೇನೂ ಹೊಸದಲ್ಲ.

ಕಪ್ಪೆಯನ್ನು ಮರೆಯಬಾರದು. ಒಂದು ಕಾಲದಲ್ಲಿ ನಮ್ಮ ದೇಶದಿಂದ ಕಪ್ಪೆಯ ಕಾಲುಗಳು ಹೊರದೇಶಗಳಿಗೆ ರಫ್ತಾಗುತ್ತಿದ್ದವು. ಗದ್ದೆ ಮತ್ತು ಜೌಗಿನ ಕಪ್ಪೆಗಳು ಕಡಿಮೆಯಾಗುತ್ತಿರುವ ಬಗ್ಗೆ ಕಳವಳ ವ್ಯಕ್ತವಾಗಿ 1987ರಲ್ಲಿ ಸರ್ಕಾರ ಈ ರಫ್ತನ್ನು ನಿಷೇಧಿಸಿತು. ಹೊರಗೆ ಕಳಿಸುವುದು ನಿಂತಿತು. ಗದ್ದೆಯ ನೀರಿನಲ್ಲಿರುವ ಗೊದಮೊಟ್ಟೆಗೆ ವಿಷ ಬೀಳುವುದು ನಿಂತಿಲ್ಲ.

ಎಣಿಸುವ ಕ್ರಮ

ಔಷಧಿಯೇ ಬೇಡವೆಂದು ಇದರ ಅರ್ಥವಲ್ಲ. ಹುಳು ಮಿತಿ ಮೀರಿದರೆ ಹೊಡೆಯಲೇಬೇಕು. ಮಿತಿ ಮೀರಿದೆಯೇ ಎಂಬುದನ್ನು ಎಣಿಸಿ ತಿಳಿಯಬೇಕೇ ಹೊರತು ಬದುವಿನ ಮೇಲೆ ನಿಂತು ಅಲ್ಲ. ನೆರೆಯ ತಮಿಳುನಾಡಿನ ಶಿಫಾರಸಿನಲ್ಲಿ ಜೇಡಕ್ಕೂ ಲೆಕ್ಕದಲ್ಲಿ ಸ್ಥಾನ ಕೊಟ್ಟಿರುವುದು ಗಮನಾರ್ಹ. ಜೇಡವಿಲ್ಲದ ಗದ್ದೆಯಲ್ಲಿ ತೆಂಡೆಗೆ ಒಂದು ಜಿಗಿಹುಳು ಕಂಡರೆ ಕ್ರಮ ಕೈಗೊಳ್ಳಬೇಕು. ಬುಡಕ್ಕೊಂದರಂತೆ ಜೇಡವಿದ್ದರೆ ತೆಂಡೆಗೆ ಎರಡರವರೆಗೂ ಕಾಯಬಹುದು. ಅಂದರೆ ಒಂದು ಬುಡದಲ್ಲಿ 12 ತೆಂಡೆಗಳಿದ್ದರೆ ಒಂದೇ ಒಂದು ಜೇಡ 12 ಜಿಗಿಹುಳುಗಳ ಹೊಣೆ ಹೊತ್ತಂತಾಯಿತು.

ನಾಟಿಯಾದ ತಿಂಗಳ ನಂತರ ವಾರಕ್ಕೊಮ್ಮೆ ಬೆಳಿಗ್ಗೆ ಗದ್ದೆಯೊಳಗೆ ಓರೆಯಾಗಿ ನಡೆಯುತ್ತಾ, ಅಂಚನ್ನು ಬಿಟ್ಟು, ಅಲ್ಲಲ್ಲಿ ಒಟ್ಟು 20 ಬುಡಗಳನ್ನು ನೋಡಬೇಕು. ಪೈರನ್ನು ಒಂದು ಕೈಯಿಂದ ಮೆಲ್ಲಗೆ ಬಾಗಿಸಿ ಮೊದಲು ಜೇಡಗಳನ್ನು ಎಣಿಸಿರಿ, ಏಕೆಂದರೆ ಅಲುಗಿದೊಡನೆ ಅವು ಓಡುತ್ತವೆ. ಅನಂತರ ಬುಡವನ್ನು ಎರಡು ಮೂರು ಸಲ ಅಂಗೈಯಿಂದ ತಟ್ಟಿದರೆ ಜಿಗಿಹುಳುಗಳು ನೀರಿಗೆ ಬೀಳುತ್ತವೆ. ನೀರು ಬಸಿದಿದ್ದರೆ ಬುಡದ ಕೆಳಗೆ ಒಂದು ತಟ್ಟೆ ಹಿಡಿಯಬಹುದು. ಬಿದ್ದ ಹುಳುಗಳನ್ನು ಮುತ್ತಲು ನೀರಿನ ತಿಗಣೆಗಳು ಬರುತ್ತವೆಯೇ ಎಂಬುದನ್ನೂ ನೋಡಿ ಬರೆದುಕೊಳ್ಳಿರಿ. ತೆಂಡೆ, ಜಿಗಿಹುಳು, ಜೇಡ ಮೂರರ ಸಂಖ್ಯೆಯನ್ನು ದಿನಾಂಕದೊಡನೆ ಒಂದು ಪುಸ್ತಕದಲ್ಲಿ ಇಟ್ಟರೆ ಹುಳು ಏರುತ್ತಿದೆಯೋ ಇಳಿಯುತ್ತಿದೆಯೋ ಎರಡನೆಯ ವಾರಕ್ಕೇ ತಿಳಿಯುತ್ತದೆ. ಮಿತಿ ಮೀರಿದಾಗ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ಆ ಪುಸ್ತಕ ತೋರಿಸಿ, ಜಿಗಿಹುಳುವಿಗೆಂದೇ ಶಿಫಾರಸಾದ ಔಷಧಿಯನ್ನು ತಂದು, ಪೈರನ್ನು ಸೀಳಿ ಬುಡಕ್ಕೆ ತಾಗುವಂತೆ ಸಿಂಪಡಿಸಬೇಕು. ಹಾವಳಿ ಒಂದೆರಡು ಮಡಿಗಳಲ್ಲಿ ಮಾತ್ರ ಇದ್ದರೆ ಅವಕ್ಕೂ ಅವುಗಳ ಸುತ್ತಲಿನ ನಾಲ್ಕೈದು ಮೀಟರಿಗೂ ಹೊಡೆದು ಉಳಿದ ಗದ್ದೆಯನ್ನು ಹಾಗೆಯೇ ಬಿಡಿರಿ.